ನಿಂತ ಬಂಡಿ, ಓಡುವ ಬಂಡಿ: ಬ್ರಿಟಿಷ್ ಮೋಟಾರ್‌ಸೈಕಲ್ ಸಂಗ್ರಹಾಲಯವೊಂದರ ಓದು

(ವಿಭಾಗದ ಆನ್‌ಲೈನ್ ವಿಚಾರಸಂಕಿರಣದಲ್ಲಿ ಮಂಡಿಸಿದ ಪ್ರಬಂಧ ಮತ್ತು ಅನಂತರದ ಸಂವಾದದ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ನನ್ನ ಧ್ವನಿ ಕೇಳಿಸ್ತಾ ಇದೆ ಅಂದುಕೊಳ್ತೀನಿ. ನಾನೀಗ ಪಳನಿಯಲ್ಲಿದ್ದೀನಿ. ಇಲ್ಲಿ ನೆಟ್‌ವರ್ಕ್ ಆಗಾಗ ಹೋಗುತ್ತೆ, ಮಾತು ತುಂಡಾದರೆ ದಯವಿಟ್ಟು ಹೇಳಿ.

ನಮ್ಮ ಸಂಕಿರಣದ ವಿಷಯ ‘ಸಂಗ್ರಹಾಲಯವನ್ನು ಪಠ್ಯವಾಗಿ ಓದುವುದು’. ನನಗಿಂತ ಮೊದಲು ಮಾತಾಡಿದ ಗೆಳೆಯರು ವೀರಗಲ್ಲು, ತಾಳೆಗರಿ, ಜಾನಪದ ವಸ್ತುಗಳನ್ನು ಆರಿಸಿಕೊಂಡಿದ್ದರು. ನಾನು ಆರಿಸಿಕೊಂಡಿರೋದು ಹಳೇ ಬ್ರಿಟಿಷ್ ಮೋಟಾರ್‌ಸೈಕಲ್‌ಗಳ ಸಂಗ್ರಹಾಲಯ. ಕನ್ನಡ ಎಂ.ಎ. ಓದುವವಳಿಗೆ ಮೋಟಾರ್‌ಸೈಕಲ್ ಯಾಕೆ ಅನ್ನೋ ಪ್ರಶ್ನೆ ಸಹಜ. ಒಂದು ವಸ್ತು ‘ಉಳಿಯಿತು’ ಅಂತ ನಾವು ಯಾವಾಗ ಹೇಳ್ತೀವಿ ಅನ್ನೋದನ್ನು ಮೋಟಾರ್‌ಸೈಕಲ್ ತುಂಬ ಸ್ಪಷ್ಟವಾಗಿ ತೋರಿಸುತ್ತೆ. ಓಡಿದರೆ ಓಡಿತು, ಇಲ್ಲದಿದ್ದರೆ ಇಲ್ಲ. ಭಾಷೆ, ಕಾವ್ಯದ ವಿಷಯದಲ್ಲಿ ಅಷ್ಟು ಸುಲಭವಾಗಿ ಗೊತ್ತಾಗಲ್ಲ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಸಂಗ್ರಹಾಲಯವು ವಸ್ತುವಿನ ಶುದ್ಧ ಪಾಠವನ್ನು ಉಳಿಸುತ್ತದೆ. ವರ್ಕ್‌ಶಾಪು ಅದರ ಓಟವನ್ನು ಉಳಿಸುತ್ತದೆ. ಆದರೆ ಇವೆರಡರ ಹಿಂದೆ ಮೂರನೆಯ ಪ್ರಶ್ನೆಯೊಂದಿದೆ: ಬಿಡಿಭಾಗ ತಯಾರಿಸುವ ಸಾಧನ ಯಾರ ಕೈಯಲ್ಲಿದೆ? ಕರ್ನಾಟಕದ ಹೊರಗಿನ ಕನ್ನಡದ ಬಗ್ಗೆ ನಮ್ಮ ವಿಮರ್ಶೆ ಮೊದಲಿನ ಎರಡನ್ನು ಮಾತ್ರ ಕೇಳಿಕೊಂಡು ಬಂದಿದೆ. ಮೂರನೆಯದನ್ನು ಕೇಳಬೇಕು ಅನ್ನೋದು ಈ ಪ್ರಬಂಧದ ಉದ್ದೇಶ.

1. ಭೇಟಿ

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಪಕ್ಕದ ಸಾಲಿಹಲ್‌ನಲ್ಲಿ ನ್ಯಾಷನಲ್ ಮೋಟಾರ್‌ಸೈಕಲ್ ಮ್ಯೂಸಿಯಂ ಇದೆ. 1984ರಲ್ಲಿ ಶುರುವಾದದ್ದು. ಬ್ರಿಟನ್ನಿನಲ್ಲಿ ತಯಾರಾದ ಮೋಟಾರ್‌ಸೈಕಲ್‌ಗಳೇ ಅಲ್ಲಿನ ವಿಷಯ. ಬಿಎಸ್‌ಎ, ನಾರ್ಟನ್, ಟ್ರಯಂಫ್, ಏರಿಯಲ್, ಮ್ಯಾಚ್‌ಲೆಸ್, ವೆಲೊಸೆಟ್, ವಿನ್ಸೆಂಟ್, ರಡ್ಜ್, ರಾಯಲ್ ಎನ್‌ಫೀಲ್ಡ್ ಹೀಗೆ ಸಾವಿರಕ್ಕೂ ಹೆಚ್ಚು ಬಂಡಿಗಳು. ಈ ಹೆಸರುಗಳಲ್ಲಿ ಹೆಚ್ಚಿನವು ಬರ್ಮಿಂಗ್‌ಹ್ಯಾಮ್, ಕವೆಂಟ್ರಿ ಸುತ್ತಲಿನ ಕಾರ್ಖಾನೆಗಳವು. ಅಂದರೆ ಕಾರ್ಖಾನೆಗಳು ಸತ್ತ ನೆಲದಲ್ಲೇ ಈ ಸಂಗ್ರಹಾಲಯ ನಿಂತಿದೆ.

ನಾನು ಅಲ್ಲಿಗೆ ಹೋದದ್ದು ಫೋನಿನಲ್ಲಿ. ನನ್ನ ದೊಡ್ಡಪ್ಪನ ಮಗ ಆ ಊರಿನ ಹತ್ತಿರ ಕೆಲಸದಲ್ಲಿದ್ದಾನೆ. ಒಂದು ಭಾನುವಾರ ಟಿಕೆಟ್ ತಗೊಂಡು ಒಳಗೆ ಹೋಗಿ ವಿಡಿಯೋ ಕಾಲ್ ಮಾಡಿದ. ನಾನಾಗ ಪಳನಿಯಲ್ಲಿ ನಮ್ಮ ಸೋದರಮಾವನ ವರ್ಕ್‌ಶಾಪಿನಲ್ಲಿ ಕೂತಿದ್ದೆ. ಮಾವ ಬುಲೆಟ್ ಮೆಕ್ಯಾನಿಕ್. ಫೋನನ್ನು ಪೆಟ್ರೋಲ್ ಟ್ಯಾಂಕಿಗೆ ಒರಗಿಸಿ ಇಬ್ಬರೂ ಒಂದು ಗಂಟೆ ನೋಡಿದೆವು. ಅಲ್ಲಿ ಬಂಡಿಗಳು ಕಾರ್ಪೆಟ್ ಮೇಲೆ ಸಾಲಾಗಿ, ಹ್ಯಾಂಡಲ್‌ಗಳೆಲ್ಲ ಒಂದೇ ಕಡೆ ತಿರುಗಿಸಿಕೊಂಡು ನಿಂತಿದ್ದವು. ಪ್ರತಿಯೊಂದರ ಮುಂದೆ ಒಂದು ಫಲಕ, ಅದರಲ್ಲಿ ಹೆಸರು, ವರ್ಷ, ಎಂಜಿನ್ ಗಾತ್ರ.

ಸ್ವಲ್ಪ ಹೊತ್ತಾದ ಮೇಲೆ ಮಾವ ಕೇಳಿದರು: “ಇವು ಓಡ್ತವಾ?”

“ಇಲ್ಲ ಮಾವ, ನೋಡೋಕೆ ಇಟ್ಟಿದ್ದಾರೆ” ಅಂತ ಅಣ್ಣ ಹೇಳಿದ.

“ಅದಕ್ಕೇ ಕೆಳಗೆ ಒಂದು ಹನಿ ಎಣ್ಣೆ ಇಲ್ಲ. ಇಂಗ್ಲಿಷ್ ಬಂಡಿ ಎಣ್ಣೆ ಸೋರ್ತಾ ಇಲ್ಲ ಅಂದ್ರೆ ಒಳಗೆ ಎಣ್ಣೆ ಹಾಕಿಲ್ಲ ಅಂತ ಲೆಕ್ಕ.”

ಇದು ನಗೆಮಾತು ನಿಜ. ಆದರೆ ಇದೊಂದು ವಿಮರ್ಶೆಯೂ ಹೌದು. ಫಲಕ ನಮಗೆ ಏನು ಓದಬೇಕು ಅಂತ ಹೇಳುತ್ತೆ. ಮಾವ ಓದಿದ್ದು ಫಲಕವನ್ನಲ್ಲ, ಬಂಡಿಯ ಕೆಳಗಿನ ಖಾಲಿ ಕಾರ್ಪೆಟನ್ನು. ಅಲ್ಲಿ ಏನು ಇಲ್ಲವೋ ಅದನ್ನು ಓದಿದರು. ಸಾಹಿತ್ಯ ವಿಮರ್ಶೆಯಲ್ಲಿ ಪಠ್ಯದ ಮೌನವನ್ನು ಓದಬೇಕು ಅಂತ ನಮಗೆ ಎರಡು ಸೆಮಿಸ್ಟರ್ ಪಾಠ ಆಗಿದೆ. ಅದಕ್ಕೆ ಇದಕ್ಕಿಂತ ಚೆನ್ನಾದ ಉದಾಹರಣೆ ನನಗೆ ಸಿಕ್ಕಿಲ್ಲ.

2. ಶುದ್ಧ ಪಾಠ ಎಂಬ ಆಸೆ

ಹಳೇ ಮೋಟಾರ್‌ಸೈಕಲ್ ಸಂಗ್ರಾಹಕರು ಮೊದಲು ನೋಡುವುದು ನಂಬರುಗಳನ್ನು. ಎಂಜಿನ್ ಮೇಲೆ ಒಂದು ನಂಬರು, ಫ್ರೇಮಿನ ಮೇಲೆ ಒಂದು. ಕಾರ್ಖಾನೆಯ ಹಳೇ ಲೆಡ್ಜರಿನಲ್ಲಿ ಇವೆರಡೂ ಒಟ್ಟಿಗೆ ದಾಖಲಾಗಿದ್ದರೆ ಆ ಬಂಡಿ ‘ಒರಿಜಿನಲ್’. ಎಂಜಿನ್ ಬೇರೆ ಬಂಡಿಯದ್ದಾದರೆ ಅದು ಎಷ್ಟೇ ಚೆನ್ನಾಗಿ ಓಡಿದರೂ ಬೆಲೆ ಇಳಿಯುತ್ತದೆ.

ಇದು ನಮಗೆ ಪರಿಚಯದ ತರ್ಕವೇ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ನಾವೆಲ್ಲ ಓದಿದ್ದೇವೆ. ಹಲವು ಓಲೆಪ್ರತಿಗಳನ್ನು ಹೋಲಿಸಿ, ಲಿಪಿಕಾರನ ಸ್ಖಾಲಿತ್ಯಗಳನ್ನು ಗುರುತಿಸಿ, ಪ್ರಕ್ಷಿಪ್ತ ಪದ್ಯಗಳನ್ನು ಬೇರೆಮಾಡಿ, ಕವಿ ಬರೆದ ಪಾಠಕ್ಕೆ ಆದಷ್ಟು ಹತ್ತಿರ ಹೋಗುವುದು ಸಂಪಾದಕನ ಕೆಲಸ. ಬಂಡಿಯನ್ನು ಪುನಃ ಕಟ್ಟುವವನೂ ಇದನ್ನೇ ಮಾಡುತ್ತಾನೆ. ಯಾರೋ ಆಮೇಲೆ ಹಾಕಿದ ಸೀಟು ಪ್ರಕ್ಷೇಪ, ಅದನ್ನು ತೆಗೆಯಬೇಕು. ಬಣ್ಣದ ಪದರ ಕೆರೆದು ಕೆಳಗಿನ ಮೊದಲ ಬಣ್ಣ ಹುಡುಕಬೇಕು. ಕಳೆದುಹೋದ ಭಾಗವನ್ನು ಅದೇ ಮಾದರಿಯ ಇನ್ನೊಂದು ಬಂಡಿಯಿಂದ ಊಹಿಸಬೇಕು, ಅದು ನಮ್ಮ ಪಾಠನಿರ್ಣಯ. ಈ ಅರ್ಥದಲ್ಲಿ ಸಾಲಿಹಲ್‌ನ ಪ್ರತಿ ಬಂಡಿಯೂ ಒಂದೊಂದು ಸಂಪಾದಿತ ಆವೃತ್ತಿ.

ಈ ಶುದ್ಧಪಾಠದ ಕತೆಯಲ್ಲಿ ಒಂದು ದೊಡ್ಡ ಘಟನೆ ಇದೆ. 2003ರ ಸೆಪ್ಟೆಂಬರ್ 16ರಂದು ಈ ಸಂಗ್ರಹಾಲಯಕ್ಕೆ ಬೆಂಕಿ ಬಿತ್ತು. ಐದು ಸಭಾಂಗಣಗಳಲ್ಲಿ ಮೂರು ಹೋದವು, ಸುಮಾರು 380 ಬಂಡಿಗಳು ಸುಟ್ಟವು. 2004ರ ಡಿಸೆಂಬರ್‌ನಲ್ಲಿ ಮತ್ತೆ ಬಾಗಿಲು ತೆರೆಯಿತು. ಸುಟ್ಟ ಬಂಡಿಗಳಲ್ಲಿ ಹಲವನ್ನು ಮತ್ತೆ ಕಟ್ಟಿದರು.

ಬೆಂಕಿಯಲ್ಲಿ ಅಲ್ಯುಮಿನಿಯಂ ಕರಗಿಹೋಗುತ್ತದೆ. ಕ್ರ್ಯಾಂಕ್‌ಕೇಸು ಕರಗಿ ನೆಲಕ್ಕೆ ಹರಿದ ಮೇಲೆ ಹೊಸದಾಗಿ ಎರಕ ಹೊಯ್ದು ಕಟ್ಟಿದ ಬಂಡಿಯ ಮುಂದೆಯೂ ಹಳೇ ವರ್ಷದ ಫಲಕವೇ ಇರುತ್ತದೆಯಲ್ಲ, ಆಗ ‘ಮೂಲ’ ಅನ್ನೋದು ಎಲ್ಲಿದೆ? ಲೋಹದಲ್ಲಿ ಅಲ್ಲ. ಅದನ್ನು ಮತ್ತೆ ಕಟ್ಟಲು ಗೊತ್ತಿರುವವರ ಕೈಯಲ್ಲಿದೆ, ನಕ್ಷೆಯಲ್ಲಿದೆ, ಎರಕದ ಅಚ್ಚಿನಲ್ಲಿದೆ. ಮುಟ್ಟಬೇಡಿ ಅಂತ ಹಗ್ಗ ಕಟ್ಟಿದ ಸಂಗ್ರಹಾಲಯವೂ ತನ್ನ ಅತಿ ಕಷ್ಟದ ದಿನದಲ್ಲಿ ಮುಟ್ಟಿ ಕಟ್ಟುವವರನ್ನೇ ಕರೆಯಬೇಕಾಯಿತು. ಈ ಮಾತನ್ನು ನೆನಪಿಟ್ಟುಕೊಳ್ಳಿ ಅಂತ ಕೇಳಿಕೊಳ್ತೀನಿ.

3. ವರ್ಕ್‌ಶಾಪಿನ ಪಾಠಾಂತರಗಳು

ಈಗ ಫೋನಿನ ಈಚೆ ಬದಿಗೆ ಬರೋಣ. ಮಾವನ ವರ್ಕ್‌ಶಾಪಿನಲ್ಲಿ ಆ ದಿನ ನಿಂತಿದ್ದದ್ದು ಹಳೇ ಕಬ್ಬಿಣದ ಎಂಜಿನ್ನಿನ ಬುಲೆಟ್. ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಸ್ಟಾರ್ಟ್ ಮಾಡೋಕೆ ಒಂದು ಶಾಸ್ತ್ರ ಇದೆ: ಡಿಕಂಪ್ರೆಸರ್ ಲಿವರ್ ಹಿಡಿದು ಕಿಕ್ಕರನ್ನು ನಿಧಾನ ಒತ್ತಬೇಕು, ಆಮೀಟರಿನ ಮುಳ್ಳು ನಡುವೆ ಬಂದಾಗ ಬಿಡಬೇಕು, ಆಮೇಲೆ ಒಂದೇ ಒದೆ. ತಪ್ಪಿದರೆ ಕಿಕ್ಕರ್ ವಾಪಸ್ ನಮಗೇ ಒದೆಯುತ್ತದೆ.

ಆ ಬಂಡಿಯಲ್ಲಿ ಬ್ರಿಟಿಷ್ ಅಮಲ್ ಕಾರ್ಬ್ಯುರೇಟರ್ ಇರಬೇಕಾದ ಜಾಗದಲ್ಲಿ ಮಿಕ್‌ಕಾರ್ಬ್ ಇತ್ತು. ಪಿಸ್ಟನ್ ಹೊಸದು, ಸಿಲಿಂಡರಿಗೆ ಎರಡು ಸಲ ಬೋರಿಂಗ್ ಆಗಿದೆ. ಒಂದು ಬುಷ್ ದಿಂಡಿಗಲ್‌ನ ಲೇತ್‌ನಲ್ಲಿ ಕಡೆಸಿದ್ದು. ಟೂಲ್‌ಬಾಕ್ಸಿನ ಬೀಗ ಬೀರುವಿನದ್ದು. ಸಂಗ್ರಾಹಕನ ಕಣ್ಣಿಗೆ ಇದು ಪ್ರಕ್ಷೇಪಗಳಿಂದ ತುಂಬಿದ ಕೆಟ್ಟ ಪ್ರತಿ. ಅದರ ಯಜಮಾನರಿಗೆ ಮಾತ್ರ ಇದು ಅಪ್ಪನ ಬಂಡಿ. ಒಟ್ಟನ್‌ಛತ್ರಂ ತರಕಾರಿ ಮಾರ್ಕೆಟ್ಟಿಗೆ ಬೆಳಗಿನ ಜಾವ ಹೋಗಿ ಬರುವ ಬಂಡಿ.

ಇದಕ್ಕೆ ಸಾಹಿತ್ಯದಲ್ಲಿ ಸಮಾನವಾದದ್ದು ಹಸ್ತಪ್ರತಿ ಪರಂಪರೆಯಲ್ಲಿ ಸಿಗಲ್ಲ, ಮೌಖಿಕ ಪರಂಪರೆಯಲ್ಲಿ ಸಿಗುತ್ತೆ. ಕಂಸಾಳೆಯವರು ಹಾಡುವ ಮಲೆ ಮಾದೇಶ್ವರ ಕಾವ್ಯಕ್ಕೆ, ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯಕ್ಕೆ ಒಂದೇ ಒಂದು ಮೂಲಪ್ರತಿ ಅಂತ ಇಲ್ಲ. ಪ್ರತಿ ಗಾಯಕ ಪ್ರತಿ ರಾತ್ರಿ ಅದನ್ನು ಮತ್ತೆ ಕಟ್ಟುತ್ತಾನೆ. ಒಂದು ಸಾಲು ಮರೆತರೆ ಅದೇ ಲಯಕ್ಕೆ ಕೂರುವ ಇನ್ನೊಂದು ಸಾಲು ಹಾಕುತ್ತಾನೆ. ಲೇತಿನಲ್ಲಿ ಕಡೆಸಿದ ಬುಷ್ ಇದ್ದಹಾಗೆ, ಅಳತೆಗೆ ಕೂತರೆ ಸಾಕು. ಅದನ್ನು ಯಾರೂ ಪಾಠದೋಷ ಅನ್ನುವುದಿಲ್ಲ, ಕಾವ್ಯ ಬದುಕಿರೋದೇ ಹಾಗೆ ಅನ್ನುತ್ತೇವೆ.

ಬಂಡಿಯ ವಿಷಯವೇ ಆದ್ದರಿಂದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಇಲ್ಲಿ ನೆನಪಾಗುತ್ತೆ. ಪಾದ್ರಿಯ ಬೈಸಿಕಲ್ಲನ್ನು ಮಲೆನಾಡಿನ ಜನ ‘ಬೀಸೆಕಲ್ಲು’ ಅಂತಾರೆ. ಇದನ್ನು ನಾವು ಸಾಮಾನ್ಯವಾಗಿ ಹಾಸ್ಯ ಅಂತ ಓದ್ತೀವಿ, ಅಥವಾ ಆಧುನಿಕತೆಯ ಮುಂದೆ ಹಳ್ಳಿಯವರ ಬೆರಗು ಅಂತ ಓದ್ತೀವಿ. ನನಗೆ ಅದು ರಿಪೇರಿ ಅನ್ನಿಸುತ್ತೆ. ಹೊರಗಿನಿಂದ ಒಂದು ಪದ ಬಂತು, ಬಾಯಿಗೆ ಕೂರಲಿಲ್ಲ. ಅಡುಗೆಮನೆಯಲ್ಲಿ ದಿನಾ ತಿರುಗುವ ವಸ್ತುವಿನ ಹೆಸರನ್ನು ತಂದು ಜೋಡಿಸಿದರು. ಎರಡೂ ತಿರುಗುವವೇ ಆದ್ದರಿಂದ ಪದ ಕೂತಿತು, ಓಡಿತು. ನಮ್ಮ ಮಾವ ಬೀರುವಿನ ಬೀಗವನ್ನು ಟೂಲ್‌ಬಾಕ್ಸಿಗೆ ಹಾಕಿದ್ದೂ ಇದೇ ಬುದ್ಧಿಯಿಂದ.

4. ಸಾಧನ ಯಾರ ಕೈಯಲ್ಲಿ?

ಇಷ್ಟಕ್ಕೇ ನಿಲ್ಲಿಸಿದರೆ ನನ್ನ ಪ್ರಬಂಧ ‘ಸಂಗ್ರಹಾಲಯ ಸತ್ತದ್ದು, ವರ್ಕ್‌ಶಾಪು ಜೀವಂತ’ ಅನ್ನೋ ಸುಲಭದ ಮಾತಾಗುತ್ತೆ. ರಿಪೇರಿಯನ್ನು ಹೊಗಳೋದು ಸುಲಭ. ಆದರೆ ಬಿಡಿಭಾಗ ಸಿಗದೆ ನಿಂತುಹೋದ ಬಂಡಿಗಳು ಮಾವನ ಶೆಡ್ಡಿನ ಹಿಂದೆಯೂ ಇವೆ. ಬುಲೆಟ್ ಮಾತ್ರ ಯಾಕೆ ಓಡ್ತಾ ಇದೆ?

ಉತ್ತರ ಅದರ ಚರಿತ್ರೆಯಲ್ಲಿದೆ. ರಾಯಲ್ ಎನ್‌ಫೀಲ್ಡ್ ಇಂಗ್ಲೆಂಡಿನ ರೆಡಿಚ್ ಊರಿನ ಕಂಪನಿ. 1932ರಿಂದ ‘ಬುಲೆಟ್’ ಹೆಸರು ಬಳಕೆಯಲ್ಲಿದೆ. 1950ರ ದಶಕದ ಆರಂಭದಲ್ಲಿ ಭಾರತ ಸರ್ಕಾರ ಸೈನ್ಯಕ್ಕಾಗಿ 350 ಸಿಸಿ ಬುಲೆಟ್‌ಗಳನ್ನು ತರಿಸಿತು. 1955ರಲ್ಲಿ ಮದರಾಸ್ ಮೋಟಾರ್ಸ್ ಜೊತೆ ಸೇರಿ ಎನ್‌ಫೀಲ್ಡ್ ಇಂಡಿಯಾ ಹುಟ್ಟಿತು, ಮದರಾಸಿನ ತಿರುವೊಟ್ಟಿಯೂರಿನಲ್ಲಿ ಕಾರ್ಖಾನೆ. ಮೊದಲು ಇಂಗ್ಲೆಂಡಿನಿಂದ ಬಂದ ಭಾಗಗಳನ್ನು ಇಲ್ಲಿ ಜೋಡಿಸುತ್ತಿದ್ದರು. 1957ರಲ್ಲಿ ಭಾಗಗಳನ್ನು ತಯಾರಿಸುವ ಸಾಧನಗಳನ್ನೇ, ಅಂದರೆ ಅಚ್ಚು, ಡೈ, ಟೂಲಿಂಗನ್ನೇ ಇಲ್ಲಿಗೆ ಕೊಟ್ಟರು. ಅಲ್ಲಿಂದ ಐದಾರು ವರ್ಷದಲ್ಲಿ ಇಡೀ ಬಂಡಿ ಇಲ್ಲೇ ತಯಾರಾಗುವ ಹಾಗಾಯಿತು. 1967ರಲ್ಲಿ ರೆಡಿಚ್ ಕಾರ್ಖಾನೆ ಮುಚ್ಚಿತು, 1970ಕ್ಕೆ ಇಂಗ್ಲೆಂಡಿನಲ್ಲಿ ರಾಯಲ್ ಎನ್‌ಫೀಲ್ಡ್ ತಯಾರಿಕೆ ಪೂರ್ತಿ ಮುಗಿಯಿತು. 1977ರಲ್ಲಿ ಮದರಾಸಿನ ಬುಲೆಟ್ ಇಂಗ್ಲೆಂಡಿಗೆ ರಫ್ತಾಗತೊಡಗಿತು.

ಇಲ್ಲಿ ಮುಖ್ಯವಾದ ವರ್ಷ 1955 ಅಲ್ಲ, 1957. ಬಂಡಿ ಬಂದ ವರ್ಷಕ್ಕಿಂತ ಬಂಡಿ ಮಾಡುವ ಸಾಧನ ಬಂದ ವರ್ಷ. ಬಿಎಸ್‌ಎ, ಮ್ಯಾಚ್‌ಲೆಸ್ ಕೂಡ ನಮ್ಮ ದೇಶದ ರಸ್ತೆಗಳಲ್ಲಿ ಓಡಿದವೇ. ಅವು ಸಿದ್ಧ ವಸ್ತುವಾಗಿ ಬಂದವು, ಸಿದ್ಧ ವಸ್ತುವಾಗಿಯೇ ಹಳತಾದವು. ಬುಲೆಟ್ ಮಾತ್ರ ತನ್ನನ್ನು ತಾನು ಮತ್ತೆ ಹುಟ್ಟಿಸಿಕೊಳ್ಳುವ ಶಕ್ತಿಯೊಂದಿಗೆ ಬಂತು. ಬ್ರಿಟಿಷ್ ತಯಾರಿಕೆ ಅನ್ನೋ ವ್ಯಾಖ್ಯೆಯನ್ನೇ ಹಿಡಿದರೆ ರೆಡಿಚ್ ಮುಚ್ಚಿದಲ್ಲಿಗೆ ಕತೆ ಮುಗಿಯಿತು. ತಿರುವೊಟ್ಟಿಯೂರಿನಿಂದ ನೋಡಿದರೆ ಅದು ಕತೆಯ ನಡುವಿನ ಅಧ್ಯಾಯ.

ಇದೇ ಮಾತನ್ನು ನಮ್ಮ ಪಳನಿಗೆ ಹತ್ತಿರದ ಇನ್ನೊಂದು ಕತೆ ಹೇಳುತ್ತೆ. ಕೊಯಮತ್ತೂರಿನ ಜಿ.ಡಿ. ನಾಯ್ಡು (1893–1974) ಹುಡುಗನಾಗಿದ್ದಾಗ ಲ್ಯಾಂಕಶೈರ್ ಎಂಬ ಬ್ರಿಟಿಷ್ ಕಂದಾಯ ಅಧಿಕಾರಿ ರಡ್ಜ್ ಮೋಟಾರ್‌ಸೈಕಲ್ ಓಡಿಸುವುದನ್ನು ನೋಡಿದರು. ಹೋಟೆಲಿನಲ್ಲಿ ಕೆಲಸಕ್ಕೆ ನಿಂತು ದುಡ್ಡು ಕೂಡಿಸಿ ಅದೇ ಬಂಡಿಯನ್ನು ಕೊಂಡರು. ಕೊಂಡು ಬಿಚ್ಚಿಹಾಕಿದರು, ಮತ್ತೆ ಜೋಡಿಸಿದರು. ಅವರು ಕಲಿತದ್ದು ಹಾಗೆ. 1920ರಲ್ಲಿ ಒಂದು ಬಸ್ಸು ತಗೊಂಡು ಪೊಳ್ಳಾಚಿ ಮತ್ತು ಪಳನಿ ನಡುವೆ ತಾವೇ ಓಡಿಸಿದರು. ಅದರಿಂದ ಬೆಳೆದದ್ದು ಯೂನಿವರ್ಸಲ್ ಮೋಟಾರ್ ಸರ್ವಿಸ್. 1937ರಲ್ಲಿ ಅವರು ಡಿ. ಬಾಲಸುಂದರಂ ಜೊತೆ ಸೇರಿ ವಿದ್ಯುತ್ ಮೋಟಾರನ್ನು ಇಲ್ಲೇ ತಯಾರಿಸಿದರು.

ಆ ಅಧಿಕಾರಿಯ ರಡ್ಜ್ ಯಾರ ಕೈಗೂ ಸಿಗದೆ ಗಾಜಿನ ಪೆಟ್ಟಿಗೆಗೆ ಹೋಗಿದ್ದರೆ ಪೊಳ್ಳಾಚಿ–ಪಳನಿ ಬಸ್ಸಿನ ಕತೆ ಬೇರೆ ಆಗಿರುತ್ತಿತ್ತು. ಮುಟ್ಟಬಾರದ ವಸ್ತು ಬೆರಗು ಹುಟ್ಟಿಸುತ್ತೆ. ಬಿಚ್ಚಬಹುದಾದ ವಸ್ತು ವಿದ್ಯೆ ಕೊಡುತ್ತೆ.

5. ನಮ್ಮ ಮನೆಯ ಕನ್ನಡ

ಈಗ ನಾನು ಇದನ್ನೆಲ್ಲ ಯಾಕೆ ಹೇಳ್ತಾ ಇದ್ದೀನಿ ಅನ್ನೋದಕ್ಕೆ ಬರ್ತೀನಿ.

ನಮ್ಮ ಮನೆಯವರು ಕಂಬಂ ಕಣಿವೆಯವರು, ಕಪ್ಪಿಲಿಯರು. ತೇನಿ, ದಿಂಡಿಗಲ್ ಕಡೆ ಕಪ್ಪಿಲಿಯರು, ಅನುಪ್ಪರು ತಲೆಮಾರುಗಳಿಂದ ಮನೆಯೊಳಗೆ ಕನ್ನಡ ಮಾತಾಡ್ತಾ ಬಂದಿದ್ದಾರೆ. ಶಾಲೆ ತಮಿಳು, ಸಂತೆ ತಮಿಳು, ಮನೆ ಕನ್ನಡ. ನಮ್ಮ ಮನೆಯಲ್ಲಿ ಕನ್ನಡ ಅಕ್ಷರ ಗೊತ್ತಿರುವವಳು ನಾನೊಬ್ಬಳೇ. ಅದೂ ಪಿಯುಸಿಗೆ ಮೈಸೂರಿಗೆ ಬಂದಮೇಲೆ ಕಲಿತದ್ದು.

‘ಕವಿರಾಜಮಾರ್ಗ’ ಕನ್ನಡ ನಾಡನ್ನು ಕಾವೇರಿ ಮತ್ತು ಗೋದಾವರಿ ನದಿಗಳ ನಡುವೆ ಗುರುತಿಸುತ್ತದೆ. ಅದರೊಳಗೂ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನದನ್ನು ಕನ್ನಡದ ತಿರುಳು ಅನ್ನುತ್ತದೆ. ಕಂಬಂ ಕಣಿವೆ ಕಾವೇರಿಯಿಂದ ಎಷ್ಟೋ ಕೆಳಗೆ, ವೈಗೈ ಸೀಮೆಯಲ್ಲಿದೆ. ಅಂದರೆ ಮೊದಲ ನಕ್ಷೆಯಲ್ಲೇ ನಾವು ಹೊರಗೆ. ಆದರೆ ಅದೇ ಗ್ರಂಥ ಕನ್ನಡಗಳು ಹಲವಿವೆ, ಅವುಗಳ ಭೇದಗಳಿಗೆ ಕೊನೆಯಿಲ್ಲ ಅಂತಲೂ ಒಪ್ಪಿಕೊಳ್ಳುತ್ತದೆ. ನಮ್ಮ ವಿಮರ್ಶೆ ತಿರುಳಿನ ಮಾತನ್ನು ನೆನಪಿಟ್ಟುಕೊಂಡಷ್ಟು ಈ ಎರಡನೆಯ ಮಾತನ್ನು ನೆನಪಿಟ್ಟುಕೊಂಡಿಲ್ಲ.

1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ ಅವರ ‘ಕ್ಯಾಸ್ಟ್ಸ್ ಅಂಡ್ ಟ್ರೈಬ್ಸ್ ಆಫ್ ಸದರ್ನ್ ಇಂಡಿಯಾ’ದ ಏಳು ಸಂಪುಟಗಳಲ್ಲಿ ನಾವೂ ಇದ್ದೇವೆ. ಅನುಪ್ಪರ ಮಾತನ್ನು ಅಲ್ಲಿ ಕೆಟ್ಟುಹೋದ ಕನ್ನಡ ಎಂಬ ಅರ್ಥದಲ್ಲಿ ಹೇಳಲಾಗಿದೆ. ಇದು ‘ನಂಬರು ಹೊಂದುತ್ತಿಲ್ಲ’ ಅನ್ನೋ ಸಂಗ್ರಾಹಕನ ತೀರ್ಪು. ಇವತ್ತಿನ ವಿದ್ವಾಂಸರು ಹಾಗೆ ಹೇಳಲ್ಲ. ನಮ್ಮಲ್ಲಿ ಹಳೇ ಪದಗಳು ಉಳಿದಿವೆ ಅಂತ ಪ್ರೀತಿಯಿಂದ ಬರ್ತಾರೆ. ನನ್ನ ತಕರಾರು ಏನಂದ್ರೆ, ಎರಡರ ಹಿಂದೆಯೂ ಇರೋದು ಒಂದೇ ಕಣ್ಣು. ಒಬ್ಬರು ಬೇರೆ ಎಂಜಿನ್ ಇದೆ ಅಂತ ಬಿಟ್ಟು ಹೋಗ್ತಾರೆ, ಇನ್ನೊಬ್ಬರು ಒರಿಜಿನಲ್ ಹೆಡ್‌ಲೈಟ್ ಇದೆ ಅಂತ ಅದನ್ನು ಮಾತ್ರ ಬಿಚ್ಚಿಕೊಂಡು ಹೋಗ್ತಾರೆ. ಬಂಡಿ ಹೇಗೆ ಓಡ್ತಾ ಇದೆ ಅಂತ ಯಾರೂ ಕೂತು ನೋಡಲ್ಲ.

‘ಬಂಡಿ’ ಅಂದೆ. ಮೈಸೂರಿನಲ್ಲಿ ಮೊದಲ ವರ್ಷ ಹಾಸ್ಟೆಲಿನಲ್ಲಿ ಯಾರದೋ ಬೈಕನ್ನು ನೋಡಿ ‘ಬಂಡಿ ಚೆನ್ನಾಗಿದೆ’ ಅಂದಾಗ ಎಲ್ಲರೂ ನಕ್ಕಿದ್ದರು. ಅವರಿಗೆ ಅದು ‘ಗಾಡಿ’. ಬಂಡಿ ಅಂದರೆ ಎತ್ತಿನದ್ದು. ನಮ್ಮ ಮನೆಯಲ್ಲಿ ಬುಲೆಟ್ಟೂ ಬಂಡಿಯೇ, ಸುತ್ತಲಿನ ತಮಿಳರು ಎಲ್ಲ ವಾಹನಕ್ಕೂ ‘ವಂಡಿ’ ಅನ್ನುವ ಹಾಗೆ. ಈಗ ಈ ‘ಬಂಡಿ’ ಹಳಗನ್ನಡದಿಂದ ಉಳಿದು ಬಂದದ್ದೋ, ತಮಿಳಿನ ಪ್ರಭಾವವೋ? ಪದ ನಮ್ಮದು, ಅದನ್ನು ಮೋಟಾರಿಗೂ ಹೇಳುವ ಬಳಕೆ ಪಕ್ಕದ ಮನೆಯದ್ದು. ಹಳೇ ಫ್ರೇಮು, ಹೊಸ ಎಂಜಿನ್. ಯಾವ ಫಲಕದಲ್ಲೂ ಇದನ್ನು ಒಂದು ಸಾಲಿನಲ್ಲಿ ಬರೆಯೋಕೆ ಆಗಲ್ಲ.

ಉಳಿಸಿಕೊಳ್ಳುವುದರ ಬಗ್ಗೆ ನಮ್ಮವರದ್ದೇ ಒಂದು ಸಿದ್ಧಾಂತ ಇದೆ. ಕಂಬಂನಲ್ಲಿ ಕಪ್ಪಿಲಿಯರು ದೇವರ ಹೆಸರಿನಲ್ಲಿ ದನದ ಹಿಂಡೊಂದನ್ನು ಸಾಕುತ್ತಾರೆ. ಥರ್ಸ್ಟನ್ ಕೂಡ ಇದನ್ನು ದಾಖಲಿಸಿದ್ದಾರೆ. ಹಿಂಡಿನ ಒಡೆಯನಾದ ಹೋರಿಗೆ ‘ಪಟ್ಟದ ಆವು’ ಅಂತ ಹೆಸರು. ಹಳಗನ್ನಡದ ಪಾಠದಲ್ಲಿ ‘ಆವು’ ಬಂದಾಗ ಪಕ್ಕದಲ್ಲಿ ‘ಹಸು’ ಅಂತ ಅರ್ಥ ಬರೆದುಕೊಂಡದ್ದು ನಿಮಗೆ ನೆನಪಿರಬಹುದು. ನನಗೆ ಬರೆದುಕೊಳ್ಳಬೇಕಾಗಿರಲಿಲ್ಲ. ಆ ಹೋರಿ ಸತ್ತಾಗ ಕುಲದವರೆಲ್ಲ ಸೇರಿ ಹಿಂಡಿನ ಮುಂದೆ ಕಬ್ಬು ಇಡುತ್ತಿದ್ದರು. ಮೊದಲು ಬಂದು ಬಾಯಿ ಹಾಕಿದ ಹೋರಿಗೆ ಪಟ್ಟ. ಸತ್ತ ಹೋರಿಯನ್ನು ಹುಲ್ಲು ತುಂಬಿ ನಿಲ್ಲಿಸಲಿಲ್ಲ. ಪಟ್ಟವನ್ನು ಉಳಿಸಿದರು, ಹೋರಿ ಬದಲಾಯಿತು. ವಿದ್ವಾಂಸರು ‘ಆವು’ ಅನ್ನೋ ಪದವನ್ನು ಬರೆದುಕೊಂಡು ಹೋದರು. ಆ ಪದವನ್ನು ಇಷ್ಟು ಕಾಲ ಬಾಯಲ್ಲಿ ಉಳಿಸಿದ್ದು ವರ್ಷವರ್ಷವೂ ಹಿಂಡು ಮೇಯಿಸುವ ಕೆಲಸ.

6. ಕೊರತೆ ಎಲ್ಲಿದೆ

ಆದರೆ ನಾನು ಇಲ್ಲಿ ಹೆಮ್ಮೆಯ ಮಾತಾಡಿ ಮುಗಿಸಲಾರೆ. ನಮ್ಮ ಮನೆಯ ಕನ್ನಡ ಈಗ ನಿಲ್ಲುವ ಹಂತದಲ್ಲಿದೆ. ಅಜ್ಜಿ ಜಗಳ, ಲೆಕ್ಕ, ಹರಕೆ ಎಲ್ಲವನ್ನೂ ಕನ್ನಡದಲ್ಲೇ ಮಾಡ್ತಿದ್ದರು. ಅಮ್ಮ ಜಗಳ ಮಾತ್ರ ಕನ್ನಡದಲ್ಲಿ ಮಾಡ್ತಾರೆ, ಲೆಕ್ಕ ತಮಿಳು. ನನ್ನ ತಂಗಿಗೆ ಕನ್ನಡ ಅರ್ಥ ಆಗುತ್ತೆ, ಉತ್ತರ ತಮಿಳಿನಲ್ಲಿ ಬರುತ್ತೆ. ಮೂರು ತಲೆಮಾರಿನಲ್ಲಿ ಗೇರು ಒಂದೊಂದಾಗಿ ಹೋಗಿದೆ. ತಮಿಳು ಬೆರೆತದ್ದಕ್ಕೆ ಹೀಗಾಯಿತು ಅಂತ ನಾನು ಒಪ್ಪಲ್ಲ. ಬೆರಕೆಯಿಂದಲೇ ಇಷ್ಟು ದಿನ ಓಡಿತು. ನಿಲ್ಲುತ್ತಿರೋದು ಹೊಸ ಭಾಗ ತಯಾರಿಸುವ ಸಾಧನ ಇಲ್ಲದ್ದರಿಂದ. ಮೊಬೈಲಿಗೆ, ಬ್ಯಾಂಕಿಗೆ, ಆಸ್ಪತ್ರೆಗೆ ಬೇಕಾದ ಮಾತನ್ನು ಕನ್ನಡದಲ್ಲಿ ಕಟ್ಟಿಕೊಳ್ಳೋಕೆ ಅಕ್ಷರ ಬೇಕು, ಓದು ಬೇಕು, ಬೇರೆ ಕನ್ನಡಗಳ ಪರಿಚಯ ಬೇಕು.

ಹೊರನಾಡ ಕನ್ನಡಿಗರಿಗೆ ನಾವು ಸಾಮಾನ್ಯವಾಗಿ ಕಳಿಸೋದು ಸಿದ್ಧ ವಸ್ತು. ಸಮ್ಮೇಳನ, ಶಾಲು, ಸನ್ಮಾನ, ಒಂದು ಪೆಟ್ಟಿಗೆ ಪುಸ್ತಕ. ಅಕ್ಷರವೇ ಬರದ ಮನೆಗೆ ಪುಸ್ತಕದ ಪೆಟ್ಟಿಗೆ ಬಂದರೆ ಅದನ್ನು ದೇವರ ಕೋಣೆಯಲ್ಲಿ ಇಡ್ತಾರೆ. ಸಂಗ್ರಹಾಲಯ ಆಯಿತಲ್ಲ! ನಮಗೆ ಬೇಕಾದದ್ದು 1957ರ ಕೆಲಸ. ಸಾಧನವನ್ನೇ ಕೊಡುವುದು, ಆಮೇಲೆ ಅಲ್ಲಿಯವರು ಅದರಿಂದ ತಮಗೆ ಬೇಕಾದ ಹಾಗೆ ಮಾಡಿಕೊಳ್ಳಲಿ ಅಂತ ಬಿಡುವುದು. ತಿರುವೊಟ್ಟಿಯೂರಿನವರು ರೆಡಿಚ್‌ನ ಒಪ್ಪಿಗೆ ಕೇಳುತ್ತಾ ಕೂತಿದ್ದರೆ ಬುಲೆಟ್ ಇವತ್ತು ಇರುತ್ತಿರಲಿಲ್ಲ. ನನ್ನ ಪ್ರಬಂಧ ಇಲ್ಲಿಗೆ ಮುಗಿಯಿತು. ಪ್ರಶ್ನೆಗಳಿದ್ದರೆ ಕೇಳಿ.

ಸಂವಾದ

ಸಹಪಾಠಿಯೊಬ್ಬರು: ನಿಮ್ಮ ವಾದದ ಪ್ರಕಾರ ಸಂಗ್ರಹಾಲಯವೂ ಬೇಡ, ಗ್ರಂಥಸಂಪಾದನೆಯೂ ಬೇಡ ಅಂತಾಗಲ್ವಾ?

ಆಗಲ್ಲ. ಆ ದಿನ ಇನ್ನೊಂದು ಸಂಗತಿ ನಡೆಯಿತು. ರಾಯಲ್ ಎನ್‌ಫೀಲ್ಡ್ ಸಾಲಿಗೆ ಬಂದಾಗ ಮಾವ ಅಣ್ಣನಿಗೆ “ನಿಲ್ಲು, ಆ ಗೇರ್‌ಬಾಕ್ಸ್ ಹತ್ತಿರ ಹೋಗು” ಅಂದರು. ನ್ಯೂಟ್ರಲ್ ಹುಡುಕುವ ಲಿವರಿನ ಸ್ಪ್ರಿಂಗು ಯಾವ ಕಡೆಯಿಂದ ಕೂತಿದೆ ಅಂತ ನೋಡಿದರು. ಸ್ಕ್ರೀನ್‌ಶಾಟ್ ತೆಗೆಸಿದರು. ಅವರ ಹತ್ತಿರ ಬಂದಿದ್ದ ಬಂಡಿಯಲ್ಲಿ ಆ ಭಾಗವೇ ಕಳೆದುಹೋಗಿತ್ತು, ಮೂಲದಲ್ಲಿ ಹೇಗಿತ್ತು ಅಂತ ಯಾರಿಗೂ ನೆನಪಿರಲಿಲ್ಲ. ಅಂದರೆ ಶುದ್ಧಪಾಠ ಉಪಯೋಗಕ್ಕೆ ಬರುವುದು ರಿಪೇರಿ ಮಾಡುವವನ ಕೈಗೆ ಸಿಕ್ಕಾಗ. ಸಂಪಾದಿತ ಆವೃತ್ತಿ ಬೇಕು. ಅದು ಯಾರಿಗೆ ತೆರೆದಿದೆ ಅನ್ನೋದು ನನ್ನ ಪ್ರಶ್ನೆ.

ಅಧ್ಯಾಪಕರೊಬ್ಬರು: ಭಾಗಗಳು ಬದಲಾಗುತ್ತಾ ಹೋದರೆ ಒಂದು ಹಂತದಲ್ಲಿ ಅದು ಕನ್ನಡವೇ ಅಲ್ಲ ಅಂತಾಗಬಹುದು. ಗೆರೆ ಎಲ್ಲಿ ಎಳೆಯುತ್ತೀಯಮ್ಮ?

ಸರ್, ಗೆರೆ ಇದೆ, ಅದನ್ನು ನಾನು ಪದಕೋಶದಲ್ಲಿ ಎಳೆಯಲ್ಲ. ಅಜ್ಜಿಯ ವಾಕ್ಯದಲ್ಲಿ ಅರ್ಧ ಪದ ತಮಿಳಿನದ್ದಾಗಿರಬಹುದು, ಆದರೆ ವಿಭಕ್ತಿ, ಕ್ರಿಯಾಪದ ಕನ್ನಡದ್ದು. ಅದು ಫ್ರೇಮು. ಅದಕ್ಕಿಂತ ಮುಖ್ಯವಾಗಿ, ಮನೆಯೊಳಗೆ ಹೊಸದಾಗಿ ಏನಾದರೂ ಹೇಳಬೇಕಾದಾಗ ಮೊದಲು ಬಾಯಿಗೆ ಬರುವುದು ಯಾವುದು? ಅದು ಕನ್ನಡವಾಗಿರುವ ತನಕ ಬಂಡಿ ಓಡ್ತಾ ಇದೆ. ನನ್ನ ತಂಗಿಯ ವಿಷಯದಲ್ಲಿ ಅದು ಆಗಲೇ ತಮಿಳು. ಆ ಗೆರೆ ನಮ್ಮ ಮನೆಯ ಒಳಗೇ ಹಾದುಹೋಗಿದೆ ಸರ್.

ಸಹಪಾಠಿಯೊಬ್ಬರು: ಸಾಧನ ಕೊಡಬೇಕು ಅಂದಿರಿ. ಕೈಯಲ್ಲಿ ಆಗುವಂಥದ್ದು ಏನಿದೆ?

ದೊಡ್ಡ ಯೋಜನೆ ನನ್ನ ಹತ್ತಿರ ಇಲ್ಲ. ಈ ರಜೆಯಲ್ಲಿ ನಮ್ಮ ಮನೆತನದ ಆರು ಮಕ್ಕಳಿಗೆ ಮಾವನ ವರ್ಕ್‌ಶಾಪಿನ ಹಿಂದೆ ಅಕ್ಷರ ಹೇಳಿಕೊಡ್ತಾ ಇದ್ದೀನಿ. ಪಠ್ಯಪುಸ್ತಕದ ಪದಗಳನ್ನು ಬಿಟ್ಟು ಅವರ ಬಾಯಲ್ಲಿರೋ ಪದಗಳಿಂದಲೇ ಶುರು ಮಾಡಿದೆ. ಮೊದಲು ಬರೆಸಿದ್ದು ‘ಬಂಡಿ’. ತಮಿಳಿನಲ್ಲಿ ‘ವಂಡಿ’ ಅಂತಾರೆ, ನಾವು ಮಾತ್ರ ಯಾಕೆ ‘ಬ’ ಅಂತೀವಿ ಅಂತ ತಂಗಿ ಕೇಳಿದಳು. ತಮಿಳಿನ ‘ವ’ ಕನ್ನಡದಲ್ಲಿ ‘ಬ’ ಆಗುವುದನ್ನು ನಾವು ಭಾಷಾವಿಜ್ಞಾನದ ಪತ್ರಿಕೆಯಲ್ಲಿ ಓದಿದ್ದೀವಲ್ಲ, ಅದನ್ನು ಹೇಳಿದೆ. ವಾಯಿ ಬಾಯಿ, ವೇರ್ ಬೇರು ಅಂತ ಅವಳೇ ಒಂದೊಂದಾಗಿ ಜೋಡಿಸುತ್ತಾ ಹೋದಳು. ಹದಿನಾಲ್ಕು ಜೋಡಿ ಬರೆದಿದ್ದಾಳೆ, ಎರಡು ತಪ್ಪಿವೆ. ನಾಳೆ ನೋಡಬೇಕು.